ಪೈಲಟನ ನಿದ್ದೆ ಯಾರ ಹೊಣೆ?

(ಕಲ್ಲುಗುಂಡಿಯಲ್ಲಿ ನಡೆದ ಸಭೆಯೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ವಿಮಾನದ ಪೈಲಟರ ಬಗ್ಗೆ ಮಾತಾಡುತ್ತೇನೆ ಎಂದು ನಾನು ಹೇಳಿದಾಗ ಇಲ್ಲಿನ ಹಿರಿಯರೊಬ್ಬರು ನಕ್ಕರು. “ನಮ್ಮೂರಿಗೂ ವಿಮಾನಕ್ಕೂ ಏನು ಸಂಬಂಧ ಮಾರಾಯ್ರೆ? ಇಲ್ಲಿ ಬಸ್ಸು ಸರಿಯಾಗಿ ನಿಂತರೆ ಸಾಕು” ಎಂದರು. ಅವರ ಮಾತಿನಿಂದಲೇ ಶುರುಮಾಡುತ್ತೇನೆ.

ನಿದ್ದೆಗೆಟ್ಟು ದುಡಿಯುವವರನ್ನು ನೋಡಲು ನೀವು ವಿಮಾನ ನಿಲ್ದಾಣದವರೆಗೆ ಹೋಗಬೇಕಾಗಿಲ್ಲ. ಮಾಣಿ–ಮೈಸೂರು ಹೆದ್ದಾರಿ ನಿಮ್ಮ ಅಂಗಡಿಗಳ ಮುಂದೆಯೇ ಹಾದು ಸಂಪಾಜೆ ಘಾಟಿಯತ್ತ ಏರುತ್ತದೆ. ರಾತ್ರಿ ಬಸ್ಸಿನ ಚಾಲಕ ಬೆಳಗಿನ ಜಾವ ಘಾಟಿ ಇಳಿದು ಬರುವಾಗ ಅವನ ಕಣ್ಣು ಹೇಗಿರುತ್ತದೆ, ಲಾರಿಯವನು ಮುಖಕ್ಕೆ ನೀರು ಎರಚಿಕೊಂಡು ಯಾಕೆ ಮತ್ತೊಂದು ಚಹಾ ಕೇಳುತ್ತಾನೆ ಎಂಬುದು ನಿಮಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ.

ಇನ್ನೊಂದು ಉದಾಹರಣೆಯೂ ನಮ್ಮ ನಡುವೆಯೇ ಇದೆ. ಯಕ್ಷಗಾನ ಮೇಳದ ಕಲಾವಿದರು ದೀಪಾವಳಿಯ ಆಸುಪಾಸಿನಲ್ಲಿ ತಿರುಗಾಟಕ್ಕೆ ಹೊರಟರೆ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಅವರ ಹಗಲು ರಾತ್ರಿಗಳು ಅದಲುಬದಲು. ಹಿಂದೆ ಪೆಟ್ಟಿಗೆ ಹೊರಿಸಿಕೊಂಡು ಊರಿಂದೂರಿಗೆ ನಡೆಯುತ್ತಿದ್ದರು. ಈಗ ಆಟ ಮುಗಿಸಿ ಬಣ್ಣ ತೆಗೆದು ಬೈಕಿನಲ್ಲಿ ಮನೆಗೆ ಹೊರಡುತ್ತಾರೆ. ಹಾಗೆ ಹೊರಟವರು ಮನೆ ತಲುಪದೆ ರಸ್ತೆಯಲ್ಲೇ ಜೀವ ಕಳೆದುಕೊಂಡ ಸುದ್ದಿಯನ್ನು ನೀವೂ ಓದಿದ್ದೀರಿ. ಇತ್ತೀಚಿನ ವರ್ಷಗಳಲ್ಲಿ ಹಲವು ಮೇಳಗಳು ಬೆಳಗಿನವರೆಗಿನ ಆಟ ಬಿಟ್ಟು ಕಾಲಮಿತಿಯ ಪ್ರದರ್ಶನಕ್ಕೆ ಬಂದಿವೆ. ಆ ‘ಕಾಲಮಿತಿ’ ಎಂಬ ಪದವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಪೈಲಟರ ಇಡೀ ಕಥೆ ಆ ಒಂದು ಪದದಲ್ಲಿದೆ.

ಕತ್ತಲೆಯೇ ಹಾಕಿದ್ದ ಮಿತಿ

ಭಾರತದ ವಿಮಾನಯಾನದ ಇತಿಹಾಸ ಹೇಳುವವರು 1932ರ ಅಕ್ಟೋಬರ್ 15ರಿಂದ ಆರಂಭಿಸುವುದು ವಾಡಿಕೆ. ಅಂದು ಜೆ.ಆರ್.ಡಿ. ಟಾಟಾ ಅವರು ಒಂದು ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಅಂಚೆ ಚೀಲಗಳನ್ನು ಹೇರಿಕೊಂಡು ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಬೊಂಬಾಯಿಗೆ ಬಂದರು. ಅಲ್ಲಿಂದ ಮುಂದಕ್ಕೆ ಅಂಚೆಯನ್ನು ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ವಿನ್ಸೆಂಟ್ ಅವರು ಬಳ್ಳಾರಿಯಲ್ಲಿ ಇಳಿದು, ಅಲ್ಲಿ ರಾತ್ರಿ ಕಳೆದು, ಮರುದಿನ ಮದ್ರಾಸಿಗೆ ಹಾರಿದರು.

ಬಳ್ಳಾರಿಯಲ್ಲಿ ರಾತ್ರಿ ಉಳಿದದ್ದು ಯಾವ ನಿಯಮ ಪುಸ್ತಕ ನೋಡಿಯೂ ಅಲ್ಲ. ಕತ್ತಲೆಯಲ್ಲಿ ದಾರಿ ತೋರಿಸುವ ದೀಪವಿರಲಿಲ್ಲ, ರೇಡಿಯೊ ಇರಲಿಲ್ಲ. ಸೂರ್ಯ ಮುಳುಗಿದರೆ ಪೈಲಟನ ಕೆಲಸವೂ ಮುಗಿಯಿತು. ನಮ್ಮ ಹಿರಿಯರು ದೀಪ ಹಚ್ಚುವ ಹೊತ್ತಿಗೆ ಗದ್ದೆಯಿಂದ ಮನೆಗೆ ಬಂದ ಹಾಗೆ ಅವರೂ ನೆಲಕ್ಕೆ ಬರುತ್ತಿದ್ದರು. ವಿಮಾನ ಚಾಲಕನಿಗೆ ಕತ್ತಲೆಯೇ ಕಾಲಮಿತಿಯಾಗಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಆ ಮಿತಿ ಕಳಚಿತು. 1949ರಲ್ಲಿ ರಾತ್ರಿ ವಿಮಾನ ಅಂಚೆ ಆರಂಭವಾಯಿತು. ಬೊಂಬಾಯಿ, ಮದ್ರಾಸು, ಕಲ್ಕತ್ತಾ ಮತ್ತು ದೆಹಲಿಗಳಿಂದ ಒಂದೊಂದು ವಿಮಾನ ರಾತ್ರಿ ಹೊರಟು ನಡುರಾತ್ರಿಯ ಹೊತ್ತಿಗೆ ನಾಗಪುರದಲ್ಲಿ ಕೂಡುತ್ತಿದ್ದವು. ಅಲ್ಲಿ ಅಂಚೆಯ ಚೀಲಗಳನ್ನು, ಪ್ರಯಾಣಿಕರನ್ನು ಅದಲುಬದಲು ಮಾಡಿಕೊಂಡು ಬೆಳಗಾಗುವುದರೊಳಗೆ ತಮ್ಮ ತಮ್ಮ ಊರು ಸೇರುತ್ತಿದ್ದವು. ಸಂಜೆ ಮದ್ರಾಸಿನಲ್ಲಿ ಹಾಕಿದ ಕಾಗದ ಬೆಳಗ್ಗೆ ದೆಹಲಿಯಲ್ಲಿ ಸಿಗುವುದೆಂದರೆ ಆ ಕಾಲಕ್ಕೆ ಪವಾಡ. ಆ ಪವಾಡಕ್ಕೆ ನಾಲ್ಕು ದಿಕ್ಕಿನ ಪೈಲಟರ ರಾತ್ರಿಗಳು ಖರ್ಚಾದವು.

ದೀಪ, ರೇಡಿಯೊ, ರಾಡಾರ್, ಜೆಟ್ ಎಂಜಿನ್ ಎಲ್ಲ ಒಂದೊಂದಾಗಿ ಬಂದು ವಿಮಾನಕ್ಕೆ ರಾತ್ರಿಯೂ ಹಗಲಿನಂತಾಯಿತು. ಆದರೆ ಅದನ್ನು ನಡೆಸುವ ಮನುಷ್ಯನ ದೇಹ 1932ರಲ್ಲಿ ಹೇಗಿತ್ತೋ ಹಾಗೆಯೇ ಉಳಿಯಿತು. ಆದ್ದರಿಂದ ಹಿಂದೆ ಕತ್ತಲೆ ತಾನಾಗಿ ಕೊಡುತ್ತಿದ್ದ ವಿಶ್ರಾಂತಿಯನ್ನು ಈಗ ಕಾಗದದ ಮೇಲೆ ಬರೆದು, ಸಹಿ ಹಾಕಿ, ಕಾನೂನಿನ ಬಲದಿಂದ ಕೊಡಿಸಬೇಕಾಗಿದೆ. ಹಾರಾಟ ಮತ್ತು ಕರ್ತವ್ಯದ ಕಾಲಮಿತಿ ಎಂಬ ನಿಯಮದ ಮೂಲ ಇಷ್ಟೇ.

ಮನೆಯಲ್ಲಿ ಅತಿಥಿ

ಪೈಲಟ್ ಎಂದರೆ ಬಿಳಿ ಅಂಗಿ, ಭುಜದ ಮೇಲೆ ಚಿನ್ನದ ಪಟ್ಟಿ, ಕೈಯಲ್ಲಿ ಚಕ್ರದ ಪೆಟ್ಟಿಗೆ, ತಿಂಗಳಿಗೆ ಲಕ್ಷಗಟ್ಟಲೆ ಸಂಬಳ. ನಮಗೆ ಕಾಣುವುದು ಇಷ್ಟು. ಕಾಣದಿರುವುದು ‘ರೋಸ್ಟರ್’ ಎಂಬ ಹಾಳೆ. ಯಾವ ದಿನ ಯಾವ ಊರಿಗೆ, ಎಷ್ಟು ಗಂಟೆಗೆ, ರಾತ್ರಿ ಎಲ್ಲಿ ತಂಗುವುದು ಎಂಬುದನ್ನು ಆ ಹಾಳೆ ಹೇಳುತ್ತದೆ. ಮಗುವಿನ ಶಾಲೆಯ ವಾರ್ಷಿಕೋತ್ಸವ, ತಂಗಿಯ ಮದುವೆ, ತಂದೆಯ ತಿಥಿ ಎಲ್ಲವೂ ಅದರೊಡನೆ ಹೊಂದಿಕೊಳ್ಳಬೇಕು. ದೀಪಾವಳಿಗೆ ನಾವೆಲ್ಲ ಊರಿಗೆ ಹೊರಡುವ ಹೊತ್ತಿನಲ್ಲೇ ವಿಮಾನಗಳು ಹೆಚ್ಚು ಹಾರುತ್ತವೆ. ಹಾಗಾಗಿ ಹಬ್ಬದ ದಿನ ಪೈಲಟ್ ಮನೆಯಲ್ಲಿರುವುದು ಅಪರೂಪ.

ಬೆಳಗಿನ ಐದೂವರೆಗೆ ಹೊರಡುವ ವಿಮಾನವಿದ್ದರೆ ಅದರ ಪೈಲಟ್ ಏಳುವುದು ರಾತ್ರಿ ಎರಡು ಅಥವಾ ಮೂರು ಗಂಟೆಗೆ. ನಿಲ್ದಾಣಕ್ಕೆ ಹೋಗಬೇಕು, ಹವಾಮಾನದ ವರದಿ ಓದಬೇಕು, ಇಂಧನದ ಲೆಕ್ಕ ನೋಡಬೇಕು. ದೇಶದೊಳಗಿನ ಮಾರ್ಗದಲ್ಲಾದರೆ ಒಂದೇ ದಿನ ಮೂರು ನಾಲ್ಕು ಬಾರಿ ಏರಿ ಇಳಿಯುವುದೂ ಉಂಟು. ಇಂದು ಬೆಳಗಿನ ಪಾಳಿ, ಎರಡು ದಿನ ಬಿಟ್ಟು ರಾತ್ರಿ ಪಾಳಿ. ಬೇರೆ ಊರಿನ ಹೋಟೆಲಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಪರದೆ ಎಳೆದು ನಿದ್ದೆ ಬರಿಸಿಕೊಳ್ಳಬೇಕು. ಮನೆಗೆ ಬಂದರೂ ಮಕ್ಕಳು ಆಡುವ ಹೊತ್ತಿಗೆ ಅಪ್ಪ ಅಥವಾ ಅಮ್ಮ ಬಾಗಿಲು ಹಾಕಿ ಮಲಗಿರಬೇಕು.

ಇಲ್ಲಿ ಕುಳಿತ ಹಲವರ ಮನೆಯಲ್ಲಿ ಗಲ್ಫ್ ದೇಶದಲ್ಲಿ ದುಡಿಯುವವರಿದ್ದಾರು. ರಜೆಯಲ್ಲಿ ಬಂದ ತಂದೆಯನ್ನು ಮಗು ಮೊದಲ ದಿನ ಗುರುತಿಸದೆ ಅಜ್ಜಿಯ ಸೆರಗಿನ ಹಿಂದೆ ಅಡಗುವುದನ್ನು ಕಂಡವರಿದ್ದೀರಿ. ತನ್ನ ಮನೆಯಲ್ಲೇ ಅತಿಥಿಯಾಗುವ ಆ ಸಂಕಟ ಪೈಲಟರಿಗೂ ಇದೆ. ವರ್ಷಕ್ಕೊಮ್ಮೆ ಬರುವ ಬದಲು ವಾರಕ್ಕೊಮ್ಮೆ ಅವರಿಗೆ ಅದು ಬರುತ್ತದೆ.

“ಅಷ್ಟು ಸಂಬಳ ತೆಗೆದುಕೊಳ್ಳುತ್ತಾರಲ್ಲ, ಕಷ್ಟಪಡಲಿ” ಎಂದು ಕೆಲವರು ಹೇಳಬಹುದು. ಕಷ್ಟಕ್ಕೆ ಸಂಬಳ ಸಮನಾದೀತು, ಒಪ್ಪೋಣ. ಆದರೆ ನಿದ್ದೆಗೆ ಸಂಬಳ ಬದಲಿಯಾಗುವುದಿಲ್ಲ. ಬ್ಯಾಂಕಿನಲ್ಲಿ ಹಣ ಕೂಡಿಟ್ಟ ಹಾಗೆ ನಿದ್ದೆಯನ್ನು ಮುಂಗಡವಾಗಿ ಕೂಡಿಡಲು ಬರುವುದಿಲ್ಲ. ಅದರಲ್ಲಿ ಸಾಲ ಮಾತ್ರ ಬೆಳೆಯುತ್ತದೆ.

ದೇಹದ ಗಡಿಯಾರ

ನಮ್ಮ ದೇಹದೊಳಗೆ ಒಂದು ಗಡಿಯಾರವಿದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಬೆಳಕು ಅದಕ್ಕೆ ಕೀಲಿ ಕೊಡುತ್ತದೆ. ರಾತ್ರಿ ಎರಡರಿಂದ ಬೆಳಗಿನ ಆರರವರೆಗೆ ದೇಹದ ಶಾಖ ಇಳಿಯುತ್ತದೆ, ಎಚ್ಚರ ಕುಗ್ಗುತ್ತದೆ, ಲೆಕ್ಕ ತಪ್ಪುತ್ತದೆ. ವಿಮಾನಯಾನದ ನಿಯಮಗಳಲ್ಲಿ ಈ ನಾಲ್ಕು ಗಂಟೆಗಳಿಗೆ ಪ್ರತ್ಯೇಕ ಹೆಸರೇ ಇದೆ. ಹಗಲು ಎಂಟು ಗಂಟೆ ಮಲಗಿ ಬಂದವನಿಗೂ ಈ ಹೊತ್ತಿನಲ್ಲಿ ರೆಪ್ಪೆ ಭಾರವಾಗುತ್ತದೆ. ಹಗಲಿನ ನಿದ್ದೆ ರಾತ್ರಿಯ ನಿದ್ದೆಯಷ್ಟು ಆಳವೂ ಅಲ್ಲ, ಉದ್ದವೂ ಅಲ್ಲ.

1997ರಲ್ಲಿ ಆಸ್ಟ್ರೇಲಿಯದ ಇಬ್ಬರು ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಸತತ ಹದಿನೇಳು ಗಂಟೆ ಎಚ್ಚರವಿದ್ದವನ ಕೈ ಕಣ್ಣುಗಳ ಚುರುಕು, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯ ಇರುವವನ ಮಟ್ಟಕ್ಕೆ ಇಳಿಯುತ್ತದೆ ಎಂಬುದು ಅದರ ಸಾರಾಂಶ. ನಮ್ಮ ದೇಶದಲ್ಲಿ ಹಾರಾಟಕ್ಕೆ ಮೊದಲಿನ ಹನ್ನೆರಡು ಗಂಟೆ ಪೈಲಟ್ ಮದ್ಯ ಮುಟ್ಟುವಂತಿಲ್ಲ. ಕೊಳವೆಯಲ್ಲಿ ಉಸಿರು ಊದಿಸಿ ಪರೀಕ್ಷೆ ಮಾಡುತ್ತಾರೆ. ಒಳ್ಳೆಯದೇ. ಆದರೆ ಎಷ್ಟು ನಿದ್ದೆ ಕಡಿಮೆಯಾಗಿದೆ ಎಂದು ತಿಳಿಯಲು ಅಂಥ ಕೊಳವೆ ಇಲ್ಲ. ಅದಕ್ಕಿರುವ ಒಂದೇ ಕೊಳವೆ ಕಾಲಮಿತಿಯ ನಿಯಮ.

ಇದನ್ನು ಲೋಕ ಕಲಿತದ್ದು ಜೀವಗಳ ಬೆಲೆ ತೆತ್ತು. 1993ರ ಆಗಸ್ಟಿನಲ್ಲಿ ಕ್ಯೂಬಾದ ಗ್ವಾಂಟನಾಮೊದಲ್ಲಿ ಸರಕು ವಿಮಾನವೊಂದು ಬಿತ್ತು. ಪೈಲಟರ ಆಯಾಸವೇ ಸಂಭವನೀಯ ಕಾರಣವೆಂದು ಅಮೆರಿಕದ ತನಿಖಾ ಮಂಡಳಿ ಮೊದಲ ಬಾರಿಗೆ ಬರೆದದ್ದು ಆಗ. 2009ರ ಫೆಬ್ರವರಿಯಲ್ಲಿ ಬಫಲೊ ನಗರದ ಬಳಿ ಇನ್ನೊಂದು ವಿಮಾನ ಬಿದ್ದು 50 ಮಂದಿ ಸತ್ತರು. ಅದರ ಸಹಪೈಲಟ್ ಹಿಂದಿನ ರಾತ್ರಿಯೆಲ್ಲ ದೇಶದ ಇನ್ನೊಂದು ತುದಿಯಿಂದ ಬೇರೆ ವಿಮಾನಗಳಲ್ಲಿ ಕುಳಿತು ಕೆಲಸಕ್ಕೆ ಬಂದಿದ್ದರು. ಮನೆಯಿಂದ ಕೆಲಸದ ಊರು ಅಷ್ಟು ದೂರ. ಸತ್ತವರ ಮನೆಯವರು ಬಿಡದೆ ಹೋರಾಡಿದ ಫಲವಾಗಿ ಅಲ್ಲಿನ ವಿಶ್ರಾಂತಿಯ ನಿಯಮಗಳು ಬದಲಾಗಿ 2014ರಲ್ಲಿ ಜಾರಿಗೆ ಬಂದವು.

ಕೆಂಜಾರಿನ ಬೆಳಗು

ಈಗ ನಮ್ಮ ಜಿಲ್ಲೆಗೆ ಬರುತ್ತೇನೆ. 2010ರ ಮೇ 22, ಶನಿವಾರ. ನನಗಾಗ ಶಾಲೆಗೆ ಹೋಗುವ ಪ್ರಾಯ, ಬೇಸಗೆ ರಜೆ. ಬೆಳಗ್ಗೆ ಟಿವಿ ಹಾಕಿದವರು ಅದನ್ನು ರಾತ್ರಿಯವರೆಗೆ ಆರಿಸಲಿಲ್ಲ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜಪೆಯ ಗುಡ್ಡದ ಮೇಲಿನ ರನ್‌ವೇಯಲ್ಲಿ ನಿಲ್ಲದೆ ಕೆಂಜಾರಿನ ಕಣಿವೆಗೆ ಉರುಳಿ ಹೊತ್ತಿಕೊಂಡಿತು. ವಿಮಾನದಲ್ಲಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು, ಎಂಟು ಮಂದಿ ಬದುಕಿದರು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡುಗಳ ಎಷ್ಟೋ ಮನೆಗಳಲ್ಲಿ ಆ ದಿನದ ಗಾಯ ಇನ್ನೂ ಮಾಸಿಲ್ಲ.

ಆ ರಾತ್ರಿಯ ವೇಳಾಪಟ್ಟಿಯನ್ನು ನೋಡಿ. ಅದೇ ಪೈಲಟರು ಹಿಂದಿನ ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಮಂಗಳೂರಿನಿಂದ ಹೊರಟು ದುಬೈ ಮುಟ್ಟಿದ್ದರು. ಅಲ್ಲಿ ಸುಮಾರು ಒಂದೂವರೆ ಗಂಟೆ ನಿಂತು, ನಮ್ಮ ಗಡಿಯಾರದಲ್ಲಿ ಎರಡೂವರೆ ದಾಟಿದ ಮೇಲೆ ಮರಳಿ ಹಾರಿದರು. ಬೆಳಗಿನ ಆರು ಗಂಟೆ ದಾಟಿದ ಕೂಡಲೇ ಅಪಘಾತ. ಎಂದರೆ ದೇಹ ಅತಿ ಹೆಚ್ಚು ನಿದ್ದೆ ಕೇಳುವ ಆ ನಾಲ್ಕು ಗಂಟೆಗಳ ಬಹುಭಾಗ ಅವರು ಆಕಾಶದಲ್ಲಿದ್ದರು.

ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ತನಿಖಾ ನ್ಯಾಯಾಲಯದ ವರದಿಯನ್ನು ಓದುವಾಗ ಮೈ ಜುಮ್ಮೆನ್ನುತ್ತದೆ. ಧ್ವನಿಮುದ್ರಣ ಪೆಟ್ಟಿಗೆಯಲ್ಲಿ ಉಳಿದಿದ್ದುದು ಕಡೆಯ ಎರಡು ಗಂಟೆ ಐದು ನಿಮಿಷ. ಅದರಲ್ಲಿ ಮೊದಲ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಗೊರಕೆಯ ಸದ್ದು ಕೇಳಿಸುತ್ತದೆ. ಹತ್ತು ಸಾವಿರ ಗಂಟೆಗೂ ಹೆಚ್ಚು ಹಾರಿದ್ದ ಅನುಭವಿ ಅವರು. ಎಚ್ಚರವಾದ ಮೇಲೂ ನಿದ್ದೆಯ ಮಂಪರು ಬಿಟ್ಟಿರಲಿಲ್ಲ ಎನ್ನುತ್ತದೆ ವರದಿ. ವಿಮಾನ ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು. “ಇಳಿಸುವುದು ಬೇಡ, ಮತ್ತೆ ಮೇಲೇರೋಣ” ಎಂದು ಸಹಪೈಲಟ್ ಮೂರು ಬಾರಿ ಎಚ್ಚರಿಸಿದರು. ಆದರೂ ಕ್ಯಾಪ್ಟನ್ ಇಳಿಸಿದರು. ಚಕ್ರ ನೆಲ ಮುಟ್ಟುವಾಗ ರನ್‌ವೇಯ ಅರ್ಧಕ್ಕಿಂತ ಹೆಚ್ಚು ಭಾಗ ಹಿಂದೆ ಸರಿದಿತ್ತು.

ನಿದ್ದೆಯೊಂದೇ ಕಾರಣವೆಂದು ಹೇಳಿದರೆ ತಪ್ಪಾದೀತು. ಎಚ್ಚರಿಕೆಗಳನ್ನು ಮೀರಿ ಇಳಿಸಿದ್ದೇ ನೇರ ಕಾರಣ ಎಂದು ನ್ಯಾಯಾಲಯ ಬರೆದಿದೆ. ಮಂಗಳೂರಿನ ರಾಡಾರ್ ಎರಡು ದಿನಗಳಿಂದ ಕೆಟ್ಟಿದ್ದರಿಂದ ವಿಮಾನ ಕೆಳಗಿಳಿಯಲು ಅನುಮತಿ ತಡವಾಗಿ ಸಿಕ್ಕಿತ್ತು. ಆದರೆ ಬೆಚ್ಚಿಬೀಳಿಸುವ ಸಂಗತಿ ಬೇರೆ ಇದೆ. ಹಾರಾಟಕ್ಕೆ ಮೊದಲು ಇಬ್ಬರು ಪೈಲಟರಿಗೂ ಸಾಕಷ್ಟು ವಿಶ್ರಾಂತಿಯ ಸಮಯ ಸಿಕ್ಕಿತ್ತು ಎಂದೇ ವರದಿ ಹೇಳುತ್ತದೆ. ಲೆಕ್ಕ ಸರಿಯಿತ್ತು. ಗಂಟೆಗಳನ್ನು ಎಣಿಸಿದರೆ ಸಾಲದು, ಅವು ಯಾವ ಗಂಟೆಗಳು ಎಂಬುದನ್ನೂ ನೋಡಬೇಕು ಎಂಬ ಪಾಠ ಕೆಂಜಾರಿನ ಕಣಿವೆಯಲ್ಲಿದೆ.

ಆ ಕ್ಯಾಪ್ಟನ್ ಸರ್ಬಿಯ ಮೂಲದವರು. ನಮ್ಮವರು ದುಬೈಗೆ ಹೋದ ಹಾಗೆ ಅವರು ದುಡಿಮೆಗೆಂದು ಸಾವಿರಾರು ಮೈಲು ದಾಟಿ ಇಲ್ಲಿಗೆ ಬಂದಿದ್ದರು. ಮನೆಯಿಂದ ದೂರ ದುಡಿಯುವವರು ಆ ವಿಮಾನದ ಹಿಂದಿನ ಸೀಟುಗಳಲ್ಲಿಯೂ ಇದ್ದರು, ಎಲ್ಲಕ್ಕಿಂತ ಮುಂದಿನ ಸೀಟಿನಲ್ಲಿಯೂ ಇದ್ದರು. ಇದನ್ನು ನೆನೆದಾಗ ಅವರ ಮೇಲೆ ಬರೀ ಸಿಟ್ಟು ಮಾಡಿಕೊಳ್ಳಲು ನನಗೆ ಸಾಧ್ಯವಾಗುವುದಿಲ್ಲ.

2021ರ ಜನವರಿಯಲ್ಲಿ ನಾಲ್ವರು ಮಹಿಳಾ ಪೈಲಟರು ಸಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ವಿಮಾನ ತಂದದ್ದನ್ನು ನೀವು ಓದಿರಬಹುದು. ಸುಮಾರು ಹದಿನೇಳು ಗಂಟೆಯ ಹಾರಾಟ. ಅಂಥ ದೂರದ ಹಾರಾಟಕ್ಕೆ ನಾಲ್ವರನ್ನು ಕಳುಹಿಸುತ್ತಾರೆ. ಇಬ್ಬರು ನಡೆಸುವಾಗ ಇಬ್ಬರು ಮಲಗಲು ವಿಮಾನದಲ್ಲೇ ಹಾಸಿಗೆ ಇರುತ್ತದೆ. ಮಂಗಳೂರು–ದುಬೈ ಮಾರ್ಗ ಅಷ್ಟು ದೂರವಲ್ಲ. ನಾಲ್ವರನ್ನು ಕಳುಹಿಸುವಷ್ಟು ಉದ್ದವೂ ಅಲ್ಲ, ಹೋಗಿಬಂದು ರಾತ್ರಿ ಮಲಗುವಷ್ಟು ಚಿಕ್ಕದೂ ಅಲ್ಲ. ನಮ್ಮ ಕರಾವಳಿಯವರು ಅತಿ ಹೆಚ್ಚು ಓಡಾಡುವುದು ಇಂಥ ಮಾರ್ಗಗಳಲ್ಲಿ.

ನಾನು ಕೇಳದೆ ಬಿಟ್ಟ ಪ್ರಶ್ನೆ

ಆಮೇಲೆ ನಿಯಮಗಳು ಬಿಗಿಯಾದವೇ? ಆದವು, ಆದರೆ ನಿಧಾನವಾಗಿ. 2011ರಲ್ಲಿ, ಮತ್ತೆ 2019ರಲ್ಲಿ ಪರಿಷ್ಕರಣೆಗಳಾದವು. 2024ರ ಜನವರಿಯಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ದೊಡ್ಡ ಬದಲಾವಣೆ ಪ್ರಕಟಿಸಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ರಾತ್ರಿ ಎಂದರೆ ಹನ್ನೆರಡರಿಂದ ಬೆಳಗಿನ ಐದರವರೆಗೆ ಎಂದಿದ್ದುದು ಆರರವರೆಗೆ ಎಂದಾಯಿತು. ರಾತ್ರಿ ಪಾಳಿಯಲ್ಲಿ ಆರು ಬಾರಿ ಇಳಿಸಬಹುದಾಗಿದ್ದುದು ಎರಡಕ್ಕೆ ಇಳಿಯಿತು. ‘ಐದು’ ಎಂಬುದನ್ನು ‘ಆರು’ ಮಾಡಿದ್ದು ಸಣ್ಣ ತಿದ್ದುಪಡಿ ಎನಿಸಬಹುದು. ಕೆಂಜಾರಿನ ವಿಮಾನ ಇಳಿಯಲು ಸಿದ್ಧವಾಗುತ್ತಿದ್ದುದು ಆ ಒಂದು ಗಂಟೆಯಲ್ಲಿ ಎಂದು ನೆನೆಯಿರಿ.

ಈ ನಿಯಮ 2024ರ ಜೂನ್‌ನಿಂದ ನಡೆಯಬೇಕಿತ್ತು. ಕಂಪೆನಿಗಳು ಆಕ್ಷೇಪಿಸಿದ ಮೇಲೆ ಮುಂದಕ್ಕೆ ಹೋಯಿತು. ಪೈಲಟರ ಸಂಘಟನೆಗಳು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದವು. ಕೊನೆಗೆ 2025ರ ಜುಲೈ 1 ಮತ್ತು ನವೆಂಬರ್ 1ರಂದು ಎರಡು ಕಂತುಗಳಲ್ಲಿ ಜಾರಿಗೆ ಬಂತು. ಮರುತಿಂಗಳು ಏನಾಯಿತೆಂದು ನಿಮಗೆ ಗೊತ್ತಿದೆ. ದೇಶದ ಅತಿ ದೊಡ್ಡ ವಿಮಾನ ಕಂಪೆನಿ ಇಂಡಿಗೊ, ಹೊಸ ಮಿತಿಗೆ ಬೇಕಾದಷ್ಟು ಪೈಲಟರನ್ನು ಹೊಂದಿಸಲಾಗದೆ ತತ್ತರಿಸಿತು. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟಗಳು ರದ್ದಾದವು. ತನ್ನ ಯೋಜನೆಯಲ್ಲಿ ಲೋಪವಾಯಿತೆಂದು ಕಂಪೆನಿಯೇ ಒಪ್ಪಿಕೊಂಡಿತು. ಸರ್ಕಾರ ಅದಕ್ಕೆ ರಾತ್ರಿ ಪಾಳಿಯ ನಿಯಮಗಳಿಂದ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ಕೊಟ್ಟಿತು. ವಾರದ ವಿಶ್ರಾಂತಿಯ ಬದಲಿಗೆ ರಜೆಯನ್ನು ಲೆಕ್ಕ ಹಿಡಿಯಬಾರದು ಎಂಬ ಸೂಚನೆಯನ್ನೂ ಹಿಂತೆಗೆದುಕೊಂಡಿತು.

ಆ ದಿನಗಳಲ್ಲಿ ನಾನು ಸುದ್ದಿಮನೆಯಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ನಾನೂ ವರದಿ ಬರೆದೆ. ‘ಪ್ರಯಾಣಿಕರ ಪರದಾಟ’ ಎಂದು ತಲೆಬರಹ ಕೊಟ್ಟೆ. ನಿಲ್ದಾಣದ ನೆಲದಲ್ಲಿ ಮಲಗಿದ ವೃದ್ಧರು, ತಪ್ಪಿಹೋದ ಮದುವೆ, ಸಿಗದ ಪೆಟ್ಟಿಗೆಗಳು ಎಲ್ಲವೂ ಅದರಲ್ಲಿದ್ದವು. ಎಲ್ಲವೂ ನಿಜ. ಪೈಲಟರ ಬಗ್ಗೆ ಇದ್ದುದು ಒಂದೇ ಸಾಲು: ‘ಹೊಸ ನಿಯಮದಿಂದಾಗಿ ಪೈಲಟರ ಕೊರತೆ.’ ಬೆಳಗಿನ ಜಾವ ಪುಟ ಮುಗಿಸಿ ಸ್ಕೂಟರಿನಲ್ಲಿ ಕೋಣೆಗೆ ಹೋಗುವಾಗ ದಿನವೂ ನೋಡುವ ಒಂದು ತಿರುವು ಬಂದುಹೋದದ್ದೇ ನನಗೆ ನೆನಪಾಗಲಿಲ್ಲ. ಒಂದೆರಡು ಕ್ಷಣ ಕಣ್ಣು ಮುಚ್ಚಿತ್ತೆಂದು ಆಮೇಲೆ ಗೊತ್ತಾಯಿತು. ನನ್ನ ಹಿಂದೆ ಯಾರೂ ಕುಳಿತಿರಲಿಲ್ಲ. ಪೈಲಟನ ಹಿಂದೆ ನೂರ ಎಂಬತ್ತು ಮಂದಿ ಕುಳಿತಿರುತ್ತಾರೆ.

ಆ ಸಾಲು ತಪ್ಪೆಂದು ಆಗ ಹೊಳೆಯಿತು. ಕೊರತೆ ನಿಯಮದಿಂದ ಬಂದದ್ದಲ್ಲ. ಕೊರತೆ ಮೊದಲೇ ಇತ್ತು. ಇಷ್ಟು ಕಾಲ ಅದನ್ನು ಪೈಲಟರ ನಿದ್ದೆಯಿಂದ ತುಂಬಿಸಿಕೊಳ್ಳುತ್ತಿದ್ದರು. ನಿಯಮ ಬಂದು ಆ ನಿದ್ದೆಯನ್ನು ವಾಪಸು ಕೇಳಿದಾಗ ಖಾಲಿ ಜಾಗ ಎಲ್ಲರಿಗೂ ಕಂಡಿತು. ಎರಡು ವರ್ಷ ಮೊದಲೇ ಪ್ರಕಟವಾದ ನಿಯಮಕ್ಕೆ ಯಾಕೆ ಸಿದ್ಧವಾಗಲಿಲ್ಲ ಎಂದು ನಾನು ಕೇಳಬೇಕಾಗಿತ್ತು, ಕೇಳಲಿಲ್ಲ.

ಬಂಧುಗಳೆ, ಕಡಿಮೆ ದರದ ಟಿಕೆಟು ನಮಗೆಲ್ಲ ಬೇಕು. ರಾತ್ರಿ ಹೊರಟು ಬೆಳಗ್ಗೆ ಮನೆಯ ಗಂಜಿ ಉಣ್ಣುವ ಹಾಗೆ ವಿಮಾನ ಬೇಕು. ಅದರಲ್ಲಿ ತಪ್ಪಿಲ್ಲ. ಆದರೆ ಆ ದರದಲ್ಲಿ ಪೈಲಟನ ನಿದ್ದೆಯ ಪಾಲು ಎಷ್ಟು ಎಂದು ಒಮ್ಮೆ ಕೇಳೋಣ. ‘ಪೈಲಟರ ಕರ್ತವ್ಯದ ಅವಧಿ ಮುಗಿದಿದೆ, ವಿಮಾನ ತಡವಾಗುತ್ತದೆ’ ಎಂಬ ಘೋಷಣೆ ಕೇಳಿದಾಗ ಕೌಂಟರಿನಲ್ಲಿ ನಿಂತ ಹುಡುಗಿಯ ಮೇಲೆ ಕೂಗಾಡುವುದು ಬೇಡ. ಬದಲಿ ಪೈಲಟನನ್ನು ಯಾಕೆ ಇಟ್ಟುಕೊಂಡಿಲ್ಲ ಎಂದು ಕಂಪೆನಿಯನ್ನು ಕೇಳೋಣ. ನಿಯಮ ಸಡಿಲಿಸಿ ಎಂಬ ಕೂಗಿಗೆ ನಮ್ಮ ದನಿ ಸೇರಿಸುವುದು ಬೇಡ. ಬೇರೆ ಊರಿನವರು ಅದನ್ನು ಕೇಳಿದರೆ ತಿಳಿಯದೆ ಕೇಳಿದರು ಎನ್ನಬಹುದು. ಕೆಂಜಾರನ್ನು ಕಂಡ ಜಿಲ್ಲೆಯವರಾದ ನಮಗೆ ಆ ನೆಪವಿಲ್ಲ.

ನೀವು ಘಾಟಿ ಇಳಿದು ಬಂದ ಚಾಲಕನಿಗೆ “ಸ್ವಲ್ಪ ಮಲಗಿ ಹೋಗಿ ಅಣ್ಣ” ಎಂದು ಹೇಳಿ ಅಂಗಡಿಯ ಬೆಂಚು ತೋರಿಸುವವರು. ಆಕಾಶದಲ್ಲಿ ಬೆಂಚಿಲ್ಲ. ಅಲ್ಲಿರುವವನಿಗೆ ನಾವು ತೋರಿಸಬಹುದಾದ ಬೆಂಚು ಆ ಕಾಲಮಿತಿಯ ನಿಯಮ ಮಾತ್ರ. ಅದನ್ನು ಯಾರೂ ಎತ್ತಿಕೊಂಡು ಹೋಗದಂತೆ ನೋಡಿಕೊಳ್ಳುವುದು ಟಿಕೆಟು ಕೊಳ್ಳುವ ನಮ್ಮ ಹೊಣೆಯೂ ಹೌದು.